ಮನೋವೈದ್ಯರಿಗೆ ಕೇಳ್ರಿ: ತನ್ನ ಮ್ಯಾಲ ಪ್ರೀತಿನೂ ಇರ್ಲಿ, ಗುರಿನೂ ಮುಟ್ಲಿ, ಹ್ಯಾಂಗ?

ಅಡ್ಮಿನ್: ಕಲಬುರಗಿ ಗ್ರೂಪಿನ ಎಲ್ಲರಿಗೂ ಶರಣು. ರಾತ್ರಿ 8ರಿಂದ ಮನೋವೈದ್ಯೆ ಮೇಡಂ ಉತ್ತರ ಕೊಡ್ತಾರ. ದಯಮಾಡಿ ಫಾರ್ವರ್ಡ್ ಹಾಕಬ್ಯಾಡ್ರಿ.

ಸೇಡಂ ಟೀಚರ್: ಮೇಡಂ, ಕಡಗಂಚಿ ಸೆಂಟ್ರಲ್ ಯುನಿವರ್ಸಿಟಿದಾಗ ಪಿಎಚ್‌ಡಿ ಮಾಡಬೇಕಂತ ಎರಡು ವರ್ಷದಿಂದ ಅನ್ಕೋಳ್ಲತ್ತೀನಿ. ಸಾಲಿ, ಮನಿ, ಮಕ್ಕಳು ಅನ್ನೋದ್ರಾಗ ಸುಸ್ತಾಗ್ತದ. 'ಇರ್ಲಿ, ನನ್ನ ಮ್ಯಾಲ ನಾನೇ ಸಿಟ್ಟಾಗಬಾರದು' ಅಂತ ಮಲಗಿಬಿಡ್ತೀನಿ. ಇದು ಪ್ರೀತಿನೋ, ಮೈಗಳ್ಳತನನೋ?

ಡಾಕ್ಟರ್: ಮಲಗಿ ಎದ್ದಾಗ ಹಗುರ ಅನಿಸಿದ್ರ ಅದು ವಿಶ್ರಾಂತಿ. ಅದೇ ಕೆಲಸ ಮತ್ತಷ್ಟು ಭಾರ ಕಂಡ್ರ ಅದು ಅಂಜಿಕಿ, ಮೈಗಳ್ಳತನ ಅಲ್ಲ. ಅಂಜಿಕಿ ಬೈಗಳಿಗೆ ಬಗ್ಗಲ್ಲ, ಸಣ್ಣ ಕೆಲಸಕ್ಕ ಬಗ್ಗತದ. 'ಪಿಎಚ್‌ಡಿ ಮಾಡ್ತೀನಿ' ಅನ್ನೋದು ಆಸೆ. 'ಬುಧವಾರ ಊಟದ ತಾಟು ತೊಳದ ಕೂಡ್ಲೆ ಅಡಗಿಮನ್ಯಾಗೇ ಕೂತು ಅರ್ಧ ಪುಟ ಬರೀತೀನಿ' ಅನ್ನೋದು ನಿರ್ಧಾರ. ಯಾವಾಗ, ಎಲ್ಲಿ ಅಂತ ಮೊದಲೇ ಗಂಟು ಹಾಕಿದ ಸಂಕಲ್ಪ ಹೆಚ್ಚು ಈಡೇರ್ತಾವ ಅಂತ ಪೀಟರ್ ಗೋಲ್ವಿಟ್ಸರ್ ಅನ್ನೋ ಮನಶ್ಶಾಸ್ತ್ರಜ್ಞರು 1999ರಾಗೇ ಬರ್ದಾರ. ಬುಧವಾರ ತಪ್ಪಿತಾ? ನಿಮ್ಮ ಕ್ಲಾಸಿನ ಒಳ್ಳೆ ಹುಡುಗಿ ಒಂದಿನ ಹೋಂವರ್ಕ್ ಬಿಟ್ಟು ಬಂದ್ರ ಹ್ಯಾಂಗ ಮಾತಾಡ್ತೀರೋ, ನಿಮ್ಮ ಜೋಡಿನೂ ಹಂಗೇ ಮಾತಾಡಿ ಗುರುವಾರ ಕೂಡ್ರಿ.

ಶಹಾಬಾದ್ ಸದಸ್ಯ: 21 ದಿನ ಮಾಡಿದ್ರ ಯಾವುದೇ ರೂಢಿ ಆಗ್ತದಲ್ರೀ?

ಡಾಕ್ಟರ್: ಇಲ್ಲ. 2009ರ ಲಂಡನ್ ಅಧ್ಯಯನದಾಗ ಮಧ್ಯದ ಲೆಕ್ಕ 66 ದಿನ ಬಂದದ. ಒಬ್ಬರಿಗೆ 18, ಇನ್ನೊಬ್ಬರಿಗೆ 254. ನಡುವ ಒಂದಿನ ತಪ್ಪಿದ್ರ ಏನೂ ಕೆಡಲ್ಲ.

ಸೂಪರ್ ಮಾರ್ಕೆಟ್ ಸದಸ್ಯ: (ಫಾರ್ವರ್ಡ್) ಕನ್ನಡಿ ಮುಂದ ನಿಂತು 108 ಸಲ 'ನಾ ಗೆದ್ದೀನಿ' ಅನ್ರಿ. ಹಾಲಿನಾಗ ಎರಡು ಚಮಚ ಅಶ್ವಗಂಧ. ಡಿಪ್ರೆಷನ್ ಗುಳಿಗಿ ಅವತ್ತೇ ಬಿಡ್ರಿ. ಹತ್ತು ಮಂದಿಗೆ ಕಳಸ್ರಿ.

ಡಾಕ್ಟರ್: ಅಳಸ್ರಿ ಇದನ್ನ. ಡಿಪ್ರೆಷನ್ ಗುಳಿಗಿ ಒಮ್ಮೆಲೇ ಬಿಟ್ರ ತಲಿ ತಿರುಗೋದು, ನಿದ್ದಿ ಕೆಡೋದು, ಚಡಪಡಿಕಿ ಶುರು ಆಗಬಹುದು, ಹಳೇ ಕಾಯಿಲೆ ತಿರುಗಿ ಬರಬಹುದು. ಬಿಡೋದಿದ್ರ ಕೊಟ್ಟ ಡಾಕ್ಟರ್ ಹೇಳಿದಂಗ ಸಾವಕಾಶ ಇಳಸ್ಬೇಕು. ಅಶ್ವಗಂಧ ಥೈರಾಯ್ಡ್ ಹಾರ್ಮೋನ್ ಏರಿಸಬಹುದು, ಅಪರೂಪಕ್ಕ ಲಿವರಿಗೂ ಪೆಟ್ಟು ಕೊಟ್ಟದ. ಈ ಮೆಸೇಜ್ ನಂಬಿ ಗುಳಿಗಿ ಬಿಟ್ಟವರನ್ನ ನಾ ಆಸ್ಪತ್ರ್ಯಾಗ ನೋಡ್ತೀನಿ, ನೀವು ನೋಡಂಗಿಲ್ಲ.

ಆಳಂದ ರಸ್ತೆ ಹಿರಿಯರು: ಗುಳಿಗಿ ಬ್ಯಾಡ, ಪ್ರೀತಿನೂ ಬ್ಯಾಡ. ಕಾಯಕ ಮಾಡ್ರಿ ಸಾಕು. ಈ ಸೆಲ್ಫ್ ಲವ್ ಬಂದ ಮ್ಯಾಲೇ ಹೆಣ್ಣುಮಕ್ಕಳು ಮನಿ ಮರ್ತಾರ.

ಸೇಡಂ ಟೀಚರ್: ಅಣ್ಣಾರ, ನೀವು ದಿನಾ ಸಂಜಿ ಜಗತ್ ಸರ್ಕಲ್‌ದಾಗ ಒಂದು ತಾಸು ಚಹಾ ಕುಡೀತೀರಿ. ಅದಕ್ಕ ಯಾರೂ ಹೆಸರಿಟ್ಟಿಲ್ಲ. ನಾ ಅರ್ಧ ತಾಸು ಕೇಳಿದ್ರ ಮನಿ ಮರ್ತಂಗಾ?

ಆಳಂದ ರಸ್ತೆ ಹಿರಿಯರು: ವೈಯಕ್ತಿಕ ಮಾತು ಬ್ಯಾಡ.

ಬೀದರ್ ಸದಸ್ಯೆ: ಶುರು ಮಾಡಿದವರು ನೀವೇ. ಮೇಡಂ, ನಮ್ಮ ಅತ್ತಿ ನನಗ ಹೊಲಿಗಿ ಅಂಗಡಿ ಹಾಕ್ಲಿಕ್ಕ ಬಿಡವಲ್ರು, ಏನ್ ಮಾಡ್ಲಿ?

ಚಿಂಚೋಳಿ ಸದಸ್ಯ: ಮೇಡಂ, ತಮ್ಮಗ 26 ವರ್ಷ. ಕಲಬುರಗಿದಾಗ ರೂಮ್ ಮಾಡಿ ಮೂರು ವರ್ಷದಿಂದ ಪಿಡಿಒ ಪರೀಕ್ಷೆಗೆ ಓದಲತ್ತಿದ್ದ. ಭಾಳ ಕುಗ್ಗಿದ್ದ. ಈ ವಾರ ಪೂರಾ ಬದಲಾಗ್ಯಾನ. ಪುಸ್ತಕ ಎಲ್ಲಾ ಜೂನಿಯರ್ ಹುಡುಗರಿಗೆ ಕೊಟ್ಟ, ಗೆಳೆಯನ 4,000 ಸಾಲ ತೀರಿಸ್ದ, ಅವ್ವಗ ಫೋನ್ ಮಾಡಿ ತಪ್ಪಾಗಿದ್ರ ಹೊಟ್ಯಾಗ ಹಾಕೋ ಅಂದ. 'ನಿರ್ಧಾರ ಮಾಡೀನಿ, ಈಗ ಶಾಂತಿ ಅದ' ಅಂತಾನ. ನಮಗೂ ಖುಷಿ. ಅವನ ಪಾಡಿಗೆ ಬಿಡ್ಲೇನ್ರಿ?

ಶಹಾಬಾದ್ ಸದಸ್ಯ: ಭೇಷ್! ಇದು ನೋಡ್ರಿ ಗಟ್ಟಿ ನಿರ್ಧಾರ.

ಡಾಕ್ಟರ್: ಯಾರೂ ಭೇಷ್ ಅನ್ನಬ್ಯಾಡ್ರಿ. ಚಿಂಚೋಳಿಯವರೇ, ಪೂರಾ ಓದ್ರಿ. ಗುರಿ ಬದಲಾಯಿಸೋರು ಒಂದು ಬಾಗಿಲು ಮುಚ್ಚಿ ಇನ್ನೊಂದು ತೆಗೀತಾರ. ನೌಕರಿಗೆ ಹೋಗ್ತೀನಿ, ಊರಿಗೆ ಬಂದು ಹೊಲ ನೋಡ್ತೀನಿ ಅಂತಾರ. ನೀವು ಬರ್ದುದ್ರಾಗ ಮುಚ್ಚಿದ ಬಾಗಿಲೇ ಅವ, ನಾಳೆದು ಒಂದೂ ಇಲ್ಲ. ಭಾಳ ದಿನ ಕುಗ್ಗಿದ ಮನುಷ್ಯ ಇದ್ದಕ್ಕಿದ್ದಂಗ ಹಗುರಾಗಿ, ಸಾಮಾನು ಹಂಚಿ, ಸಾಲ ತೀರಿಸಿ, ಕ್ಷಮಾ ಕೇಳಿದ್ರ ಅದು ಜೀವ ಕಳ್ಕೊಳ್ಳೋ ನಿರ್ಧಾರ ಇರಬಹುದು. ನನ್ನ ಅಂದಾಜು ತಪ್ಪಾದ್ರ ಒಳ್ಳೇದೇ ಆಯ್ತು. ಆದ್ರ ತಪ್ಪಂತ ತಿಳಕೊಂಡು ಕೂಡಬ್ಯಾಡ್ರಿ.

ಈಗೇ ಫೋನ್ ಹಚ್ರಿ. ನೇರ ಕೇಳ್ರಿ: 'ತಮ್ಮಾ, ಸಾಯೋ ವಿಚಾರ ಬಂದದ ಏನು?' ಕೇಳಿದ್ರ ಇಲ್ಲದ ವಿಚಾರ ಹುಟ್ಟಂಗಿಲ್ಲ. ಕೇಳೋರು ಸಿಕ್ಕಿದ್ರ ಎದಿ ಭಾರ ಇಳೀತದ. ಬೈಬ್ಯಾಡ್ರಿ, ಅವ್ವನ ಆಣಿ ಹಾಕಬ್ಯಾಡ್ರಿ. ರೂಮಿನ ಗೆಳೆಯನಿಗೆ ಹೇಳಿ ಅವನ ಜೋಡಿ ಕೂಡ್ಸ್ರಿ, ಒಬ್ಬನೇ ಇರಬಾರದು. ನೀವು ಇವತ್ತೇ ಹೊರಡ್ರಿ. ಊರಿಗೆ ಕರ್ಕೊಂಡ್ ಹೋಗೋದಾದ್ರ ಮೊದಲು ಮನ್ಯಾಗಿನ ತೊಗರಿಗೆ ಹೊಡಿಯೋ ಎಣ್ಣಿ ಬ್ಯಾರೆ ಕಡಿ ಕಳಸ್ರಿ. ಟೆಲಿಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಅದ, ನಂಬರ್ 14416, ಪುಕ್ಕಟೆ, 24 ತಾಸು, ಕನ್ನಡದಾಗ ಮಾತಾಡ್ತಾರ. ಅವನೂ ಮಾಡಬಹುದು, ನೀವೂ ಮಾಡಬಹುದು.

ಜೇವರ್ಗಿ ಸದಸ್ಯ: ಮೇಡಂ, 21 ದಿನದ ಬಗ್ಗೆ...

ಡಾಕ್ಟರ್: ಮ್ಯಾಲ ಅದ.

ಆಳಂದ ರಸ್ತೆ ಹಿರಿಯರು: ಹುಡುಗ ಖುಷಿ ಇದ್ದಾನ, ಸುಮ್ನ ಹೆದರಸ್ಲತ್ತೀರಿ. ಇಂಥಾ ಮಾತು ಗ್ರೂಪಿನಾಗ ಆಡಬಾರದು.

ಬೀದರ್ ಸದಸ್ಯೆ: ಆಡದೇ ಇದ್ದುದಕ್ಕೇ ನಮ್ಮ ಕಾಕಾನ ಮಗ ಇವತ್ತಿಲ್ಲ. ಅವನೂ ಗಡಿಯಾರ ಬಿಚ್ಚಿ ಕೊಟ್ಟಿದ್ದ. ನಾವೂ ಖುಷಿ ಪಟ್ಟಿದ್ವಿ. ಬಾಯಿ ಮುಚ್ರಿ.

ಅಡ್ಮಿನ್: ಎಲ್ಲರೂ ಶಾಂತ ಆಗ್ರಿ.

ಸೂಪರ್ ಮಾರ್ಕೆಟ್ ಸದಸ್ಯ: ನನ್ನ ಮೆಸೇಜ್ ಯಾಕ ಅಳಿಸಿದ್ರಿ? ಆಯುರ್ವೇದಕ್ಕ ಅವಮಾನ ಇದು.

ಡಾಕ್ಟರ್: ಗುಳಿಗಿ ಬಿಡ್ರಿ ಅಂದಿದ್ದಕ್ಕ. ಇನ್ನೊಮ್ಮೆ ಹಾಕಿದ್ರ ನಾ ಈ ಗ್ರೂಪ್ ಬಿಡ್ತೀನಿ. ಚಿಂಚೋಳಿಯವರು ಎಲ್ಲಿದ್ದೀರಿ?

ಚಿಂಚೋಳಿ ಸದಸ್ಯ: ಫೋನ್ ಎತ್ತಿದ. ನೀವು ಹೇಳಿದಂಗೇ ಕೇಳಿದೆ ಮೇಡಂ. ಭಾಳ ಹೊತ್ತು ಸುಮ್ನಿದ್ದ. ಆಮ್ಯಾಲ ಹೌದಣ್ಣ ಅಂತ ಅಳ್ಲಿಕ್ಕ ಹತ್ತಿದ. ಗೆಳೆಯ ಬಾಜೂಕ ಕೂತಾನ. ನಾ ಗಾಡಿ ಹತ್ತೀನಿ.

ಡಾಕ್ಟರ್: ಅತ್ತಿದ್ದು ಒಳ್ಳೇದಾಯ್ತು. ನಸುಕು ಹರಿಯೋ ತನ ಕಾಯಬ್ಯಾಡ್ರಿ. ಗೆಳೆಯನಿಗೆ ಆಟೋ ಮಾಡಿಸಿ ಈಗೇ ದೊಡ್ಡಾಸ್ಪತ್ರಿ ತುರ್ತು ವಿಭಾಗಕ್ಕ ಕರ್ಕೊಂಡ್ ಹೋಗ್ಲಿಕ್ಕ ಹೇಳ್ರಿ, ನೀವು ಸೀದಾ ಅಲ್ಲಿಗೇ ಬರ್ರಿ. ನನ್ನ ನಂಬರ್ ನಿಮಗ ಬ್ಯಾರೆ ಕಳಿಸೀನಿ, ಹಚ್ರಿ. ಉಳಿದವರಿಗೆ ಇವತ್ತು ಉತ್ತರ ಇಲ್ಲ.