ತಮ್ಮನ ಎಕೋದಲ್ಲಿ (ಹೃದಯದ ಸ್ಕ್ಯಾನ್) ಆರ್‌ಎಸ್‌ಒವಿ ಅಂತ ಬಂದಿದೆ, ಯಾರಿಗಾದ್ರೂ ಗೊತ್ತಾ?

ಚನ್ನಗಿರಿ_ಅಣ್ಣ:
ತಮ್ಮನಿಗೆ 27, ಬೀಡಿ ಸಿಗರೇಟು ಏನೂ ಇಲ್ಲ, ವಾಲಿಬಾಲ್ ಆಡೋನು. ಹೋದ ವಾರ ಅಡಿಕೆ ಮೂಟೆ ಎತ್ತುವಾಗ ಎದೇಲಿ ಏನೋ ಪಟ್ ಅಂದಂಗಾಯ್ತು ಅಂದ, ಗ್ಯಾಸ್ಟ್ರಿಕ್ ಇರ್ಬೇಕು ಅಂತ ಮಾತ್ರೆ ಕೊಟ್ವಿ, ಮೂರು ದಿನಕ್ಕೆ ಮೆಟ್ಟಿಲು ಹತ್ತೋಕೂ ಏದುಸಿರು. ರಾತ್ರಿ ಅಮ್ಮ ಎದೆ ನೀವೋಕೆ ಹೋಗಿ, ಹೊಲಿಗೆ ಮಿಷಿನ್ ಮೇಲೆ ಕೈ ಇಟ್ಟಂಗೆ ಗುರ್ರ್ ಅಂತಿದೆ ಕಣೋ ಅಂದ್ರು. ಡಾಕ್ಟ್ರು ಹುಟ್ಟಿನಿಂದ್ಲೇ ಇದ್ದ ತೊಂದ್ರೆ ಅಂತಾರೆ. ಹಂಗಿದ್ರೆ ಇಷ್ಟು ವರ್ಷ ಯಾಕೆ ಸುಮ್ನಿತ್ತು? ಸ್ಟೆಂಟ್ ಹಾಕಿದ್ರೆ ಸಾಕಾ?

ಎಕೋ_ರೂಮಿನವ:
ಸ್ಟೆಂಟ್ ಕೆಲ್ಸ ಅಲ್ಲ ಸಾರ್, ಇದು ಬ್ಲಾಕೇಜೇ ಅಲ್ಲ. ಆರ್‌ಎಸ್‌ಒವಿ ಅಂದ್ರೆ ರಪ್ಚರ್ಡ್ ಸೈನಸ್ ಆಫ್ ವಲ್ಸಾಲ್ವಾ, ಮಹಾಧಮನಿ ಬುಡದ ಉಬ್ಬು ಒಡೆಯೋದು. ಮಹಾಧಮನಿ ಹೃದಯದಿಂದ ಹೊರಡೋ ಬುಡದಲ್ಲಿ, ವಾಲ್ವಿನ ಮೂರು ಎಸಳಿನ ಹಿಂದೆ ಮೂರು ಸಣ್ಣ ಉಬ್ಬು ಎಲ್ರಿಗೂ ಇರುತ್ತೆ, ಇಟಲಿಯ ವಲ್ಸಾಲ್ವಾ ಅನ್ನೋ ಅಂಗರಚನಾ ತಜ್ಞನ ಹೆಸರು ಅದಕ್ಕೆ. ಕೆಲವರಿಗೆ ಅಲ್ಲಿ ಗೋಡೆಯ ಎಲಾಸ್ಟಿಕ್ ಪದರ ವಾಲ್ವಿನ ಬುಡಕ್ಕೆ ಸರಿಯಾಗಿ ಕೂಡ್ಕೊಂಡೇ ಇರಲ್ಲ, ಆ ಜಾಗಕ್ಕೆ ದಿನಕ್ಕೆ ಲಕ್ಷ ಸಲ ರಕ್ತ ಬಡಿದು ಬಡಿದು ವರ್ಷಗಟ್ಟಲೆ ಹಿಗ್ಗಿ ಬೆರಳಿನ ಥರ ಚೀಲ ಆಗುತ್ತೆ, ಒಂದಿನ ತುದಿ ಹರಿಯುತ್ತೆ. ಅದಕ್ಕೇ ಹೆಚ್ಚಾಗಿ 20ರಿಂದ 40ರೊಳಗೆ ಗೊತ್ತಾಗೋದು, ಗಂಡಸರಲ್ಲಿ ಜಾಸ್ತಿ, ಏಷ್ಯಾದವರಲ್ಲಂತೂ ಇನ್ನೂ ಜಾಸ್ತಿ. ಬಲಗಡೆ ಉಬ್ಬು ಒಡೆದ್ರೆ ರಕ್ತ ಸಾಮಾನ್ಯವಾಗಿ ಬಲ ಹೃತ್ಕುಕ್ಷಿಗೆ ನುಗ್ಗುತ್ತೆ, ಹೃದಯ ಕುಗ್ಗಿದಾಗ್ಲೂ ಹಿಗ್ಗಿದಾಗ್ಲೂ ಬಿಡುವೇ ಇಲ್ಲ. ಅಮ್ಮನ ಕೈಗೆ ಸಿಕ್ಕಿದ್ದು ಅದೇ, ಅವರನ್ನ ಮೆಚ್ಬೇಕು.

ತೀರ್ಥಹಳ್ಳಿ_ಮಳೆ:
ನಂಗೂ ಇದೇ ಆಗಿತ್ತು, ನಂದನ್ನೂ ಒಂದು ಕಡೆ ತಿಂಗಳುಗಟ್ಟಲೆ ಗ್ಯಾಸ್ಟ್ರಿಕ್ ಅಂತಲೇ ನೋಡಿದ್ರು ಮಾರಾಯ್ರೆ. ಆಮೇಲೆ ತೊಡೆಸಂದಿಯಿಂದ ವೈರ್ ಹಾಕಿ ಡಿವೈಸ್ ಕೂರಿಸಿದ್ರು, ಮಕ್ಕಳ ಪಿಡಿಎ (ಹುಟ್ಟಿದ ಮೇಲೂ ಮುಚ್ಚದೆ ಉಳಿದ ಹೃದಯದ ಹತ್ರದ ರಕ್ತನಾಳ) ಮುಚ್ಚೋಕೆ ಅಂತ ಮಾಡಿದ ಬಿರಡೆಯೇ ಅದು. ಆದ್ರೆ ಜೊತೆಗೆ ವಿಎಸ್‌ಡಿ ಅಂದ್ರೆ ಹೃದಯದ ಕೆಳಗಿನ ಎರಡು ಕೋಣೆ ಮಧ್ಯದ ಗೋಡೇಲಿ ತೂತು ಇದ್ರೆ ಅಥ್ವಾ ಅಯೋರ್ಟಿಕ್ ವಾಲ್ವ್ (ಮಹಾಧಮನಿ ಬುಡದ ವಾಲ್ವ್) ಜೋರಾಗಿ ಲೀಕ್ ಇದ್ರೆ ಓಪನ್ ಸರ್ಜರಿಯೇ. ಟಿಇಇ (ಅನ್ನನಾಳದ ಒಳಗಿಂದ ಮಾಡೋ ಎಕೋ) ಮಾಡಿಸಿ, ತೂತು ಇದ್ಯಾ, ಲೀಕ್ ಇದ್ಯಾ ಅಂತ ಎರಡೂ ಕೇಳಿ. ಹಬ್ಬ ಕಳೀಲಿ, ಕೊಯ್ಲು ಮುಗೀಲಿ ಅಂತ ಮಾತ್ರ ಕೂರ್ಬೇಡಿ, ಒಡೆದ ಮೇಲೆ ಹಾರ್ಟ್ ಬೇಗ ಸೋತುಹೋಗುತ್ತೆ.

ಎಕೋ_ರೂಮಿನವ:
ಬಿಪಿಎಲ್ ಕಾರ್ಡ್ ಇದ್ರೆ ಆಸ್ಪತ್ರೇಲಿ ಆರೋಗ್ಯಮಿತ್ರ ಅಂತ ಸರ್ಕಾರಿ ಆರೋಗ್ಯ ಯೋಜನೆಗೆ ಸಹಾಯ ಮಾಡೋರು ಇರ್ತಾರೆ, ಮೊದ್ಲು ಅವ್ರನ್ನ ಹಿಡೀರಿ. ಮೂಟೆ, ವಾಲಿಬಾಲ್ ಎಲ್ಲಾ ಇವತ್ತಿಂದ್ಲೇ ಬಂದ್.

ಚನ್ನಗಿರಿ_ಅಣ್ಣ:
ಥ್ಯಾಂಕ್ಸ್. ವಿಎಸ್‌ಡಿ ಇಲ್ಲ ಅಂದಿದ್ದಾರೆ, ನಾಳೆ ಟಿಇಇ. ಅಮ್ಮ ಕೇಳ್ತಿದಾರೆ, ಆ ಗುರ್ರ್ ನಿಲ್ಲುತ್ತಾ ಅಂತ.

ತೀರ್ಥಹಳ್ಳಿ_ಮಳೆ:
ನಂಗೆ ಅವತ್ತೇ ನಿಂತ್ಹೋಯ್ತು. ಎಷ್ಟು ಅಭ್ಯಾಸ ಆಗಿತ್ತು ಅಂದ್ರೆ ರಾತ್ರಿ ಎದೆ ಮೇಲೆ ಕೈ ಇಟ್ಕೊಂಡು, ಏನೂ ಕೇಳ್ತಿಲ್ವಲ್ಲ ಅಂತ ನರ್ಸನ್ನ ಕರೆದುಬಿಟ್ಟಿದ್ದೆ.