ಎಡ ಹೃತ್ಕುಕ್ಷಿಯ ಆಕಾರ ಮೆಟ್ಟಿಲಾಗಿ ಬರುತ್ತಿದೆ, ಅನುಭವವಿದ್ದವರು ತಿಳಿಸಿ

ಕಾರವಾರದಿಂದ, ಪ್ರಶ್ನೆ: ಎಂಜಿನಿಯರಿಂಗ್ ಅಂತಿಮ ವರ್ಷದ ಕೆಲಸವಾಗಿ, ಹೃದಯದ ಎಂ.ಆರ್.ಐ. ಚಿತ್ರಗಳಿಂದ ಎಡ ಹೃತ್ಕುಕ್ಷಿಯ (ರಕ್ತವನ್ನು ದೇಹಕ್ಕೆ ದೂಡುವ ಹೃದಯದ ಕೋಣೆ) ಆಕಾರವನ್ನು ತಾನಾಗಿಯೇ ಕಟ್ಟುವ ಪ್ರೋಗ್ರಾಂ ಬರೆಯುತ್ತಿದ್ದೇನೆ. ಎಸಿಡಿಸಿ ಎಂಬ ಹೃದಯದ ಎಂ.ಆರ್.ಐ. ಚಿತ್ರಸಂಗ್ರಹದ 100 ರೋಗಿಗಳಲ್ಲಿ 80 ಮಂದಿಯ ಚಿತ್ರಗಳಿಂದ ಯು-ನೆಟ್‌ಗೆ (ಚಿತ್ರದಲ್ಲಿ ಬೇಕಾದ ಭಾಗಕ್ಕೆ ಬಣ್ಣ ತುಂಬಿ ಗುರುತಿಸುವ ನ್ಯೂರಲ್ ನೆಟ್‌ವರ್ಕ್) ಕಲಿಸಿ, ಉಳಿದ 20ರಲ್ಲಿ ಪರೀಕ್ಷಿಸಿದೆ. ಡೈಸ್ ಅಂಕದ (ತಜ್ಞರು ಗುರುತಿಸಿದ ಭಾಗಕ್ಕೂ ಪ್ರೋಗ್ರಾಂ ಗುರುತಿಸಿದ್ದಕ್ಕೂ ಇರುವ ಹೊಂದಾಣಿಕೆ; ಪೂರ್ತಿ ಹೊಂದಿದರೆ 1) ಸರಾಸರಿ 0.9 ದಾಟಿದೆ. ಆದರೂ ಆಕಾರ ಮೆಟ್ಟಿಲು ಮೆಟ್ಟಿಲಾಗಿದೆ, ಎಜೆಕ್ಷನ್ ಫ್ರ್ಯಾಕ್ಷನ್ (ಒಂದು ಬಡಿತಕ್ಕೆ ಹೃತ್ಕುಕ್ಷಿ ಹೊರದೂಡುವ ರಕ್ತದ ಪಾಲು) ಕೆಲವರಲ್ಲಿ ತೀರಾ ತಪ್ಪುತ್ತಿದೆ.

ಶಿರಸಿಯಿಂದ: ಸರಾಸರಿಯನ್ನು ಬದಿಗಿಟ್ಟು, ಮೈಟ್ರಲ್ ಕವಾಟದ (ಮೇಲಿನ ಕೋಣೆಯಾದ ಎಡ ಹೃತ್ಕರ್ಣಕ್ಕೂ ಹೃತ್ಕುಕ್ಷಿಗೂ ನಡುವಿನ ಬಾಗಿಲು) ಪಕ್ಕದ ಸ್ಲೈಸನ್ನು, ಅಂದರೆ ಅಡ್ಡಪದರದ ಚಿತ್ರವನ್ನು, ಒಬ್ಬೊಬ್ಬ ರೋಗಿಯಲ್ಲೂ ಕಣ್ಣಾರೆ ನೋಡಿ. ಹೃದಯ ಕುಗ್ಗುವಾಗ ಕವಾಟದ ಮಟ್ಟ ತುದಿಯ ಕಡೆಗೆ ಸುಮಾರು ಒಂದು ಸೆಂಟಿಮೀಟರ್ ಸರಿಯುವುದರಿಂದ, ಹಿಗ್ಗಿದಾಗ ಹೃತ್ಕುಕ್ಷಿಯಲ್ಲಿದ್ದ ಸ್ಲೈಸ್ ಕುಗ್ಗಿದಾಗ ಹೃತ್ಕರ್ಣದೊಳಗೆ ಬಿದ್ದಿರುತ್ತದೆ. ಯು-ನೆಟ್ ಅಲ್ಲಿಯೂ ದುಂಡಗೆ ಬಣ್ಣ ತುಂಬಿಬಿಡುತ್ತದೆ. ಲೆಕ್ಕ ಹಾಕಿ: 4.5 ಸೆಂ.ಮೀ. ವ್ಯಾಸದ, 10 ಮಿ.ಮೀ. ದಪ್ಪದ ಒಂದೇ ಬಿಲ್ಲೆ 16 ಮಿ.ಲೀ. ಆಗುತ್ತದೆ. ಹಿಗ್ಗಿದಾಗ 120, ಕುಗ್ಗಿದಾಗ 50 ಮಿ.ಲೀ. ಇರುವ ಹೃದಯದ ಎಜೆಕ್ಷನ್ ಫ್ರ್ಯಾಕ್ಷನ್ ಶೇ. 58, ಆ ಬಿಲ್ಲೆ ಸೇರಿಕೊಂಡರೆ ಶೇ. 45. ಸರಿಯಾಗಿರುವ ಹೃದಯ ಕಾಗದದ ಮೇಲೆ ರೋಗಗ್ರಸ್ತವಾಯಿತು. ಆ ಚಿತ್ರದ ಡೈಸ್ 0.86ಕ್ಕೆ ಇಳಿದರೂ ಸರಾಸರಿ ಅದನ್ನು ನುಂಗಿಹಾಕುತ್ತದೆ.

ಕುಮಟಾದಿಂದ: ನಾನು ಮಂಗಳೂರಿನಲ್ಲಿ ಎಂ.ಆರ್.ಐ. ತಂತ್ರಜ್ಞ. ಮೆಟ್ಟಿಲಿಗೆ ದಪ್ಪ ಸ್ಲೈಸ್ ಒಂದು ಕಾರಣವಾದರೆ, ಉಸಿರು ಇನ್ನೊಂದು. ಸ್ಲೈಸ್‌ಗಳನ್ನು ರೋಗಿ ಬೇರೆ ಬೇರೆ ಸಲ ಉಸಿರು ಹಿಡಿದಾಗ ತೆಗೆಯುತ್ತೇವೆ. ಪ್ರತಿ ಸಲವೂ ವಪೆ (ಎದೆಗೂಡಿನ ಕೆಳಗಿನ ಉಸಿರಾಟದ ಸ್ನಾಯು) ಅದೇ ಜಾಗದಲ್ಲಿ ನಿಲ್ಲುವುದಿಲ್ಲ, ಅದರ ಜೊತೆ ಹೃದಯವೂ ಜರುಗುತ್ತದೆ. ಉಸಿರು ಪೂರ್ತಿ ಬಿಟ್ಟು ಹಿಡಿಯಲು ಹೇಳಿದರೆ ಸ್ಥಾನ ಹೆಚ್ಚು ಸ್ಥಿರವಾಗಿರುತ್ತದೆ. ಅಂಕೋಲಾ ಕಡೆಯ ಹಿರಿಯರೊಬ್ಬರು ಏಳು ಸಲ ಚೆನ್ನಾಗಿ ಹಿಡಿದು, ಎಂಟನೆಯ ಸಲ ಸುಸ್ತಾಗಿ ಅರ್ಧ ಉಸಿರು ಎಳೆದುಕೊಂಡೇ ಹಿಡಿದರು; ಆ ಒಂದು ಸ್ಲೈಸ್ ಮಾತ್ರ ಪಕ್ಕಕ್ಕೆ ಜರುಗಿತ್ತು. ಎಸಿಡಿಸಿಯಲ್ಲಿ ಉದ್ದ ಅಕ್ಷದ (ಹೃದಯವನ್ನು ಬುಡದಿಂದ ತುದಿಯವರೆಗೆ ಉದ್ದಕ್ಕೆ ಸೀಳಿದಂತೆ ತೋರಿಸುವ) ಚಿತ್ರಗಳಿಲ್ಲದ ಕಾರಣ, ಅಕ್ಕಪಕ್ಕದ ಸ್ಲೈಸ್‌ಗಳ ನಡುಬಿಂದುಗಳನ್ನು ನೋಡಿ ಸರಿಹೊಂದಿಸುವುದೇ ನಿಮಗುಳಿದ ದಾರಿ.

ಹೊನ್ನಾವರದಿಂದ: ಸರಾಸರಿ ಆಕಾರ ಮತ್ತು ಅದರ ಮುಖ್ಯ ವ್ಯತ್ಯಾಸಗಳನ್ನು ಕಲಿತ ಮಾದರಿಯನ್ನು ಹೊಂದಿಸಿದರೆ ಮೆಟ್ಟಿಲು ಹೋಗುತ್ತದೆ. ಸಂಶೋಧಕರಾದ ಕೂಟ್ಸ್ ಮತ್ತು ಟೇಲರ್ 1990ರ ದಶಕದಲ್ಲೇ ತೋರಿಸಿದ ದಾರಿಯಿದು. ಆದರೆ ಅದು ಸೊಟ್ಟ ಹೃದಯವನ್ನೂ ಸರಾಸರಿಯ ಕಡೆಗೆ ಎಳೆಯುತ್ತದೆ. ಎಸಿಡಿಸಿಯ ಆ 100 ಮಂದಿಯಲ್ಲಿ ಹೃದಯದ ಸ್ಥಿತಿಯ ಪ್ರಕಾರ ಐದು ಗುಂಪುಗಳಿವೆ, ತಲಾ 20. ನಿಮ್ಮ 20 ಮಂದಿಯಲ್ಲಿ ಪ್ರತಿ ಗುಂಪಿನಿಂದಲೂ ನಾಲ್ವರಿದ್ದಾರೆಯೇ?

ಕಾರವಾರದಿಂದ: ಇರಲಿಲ್ಲ, ಒಂದು ಗುಂಪಿನಿಂದ ಒಬ್ಬರೇ ಇದ್ದರು, ಮರುಹಂಚಿಕೆ ಮಾಡಿದೆ. ಹಳೆಯ 20ರಲ್ಲಿ ಮೂವರ ಹೃತ್ಕರ್ಣಕ್ಕೆ ಯು-ನೆಟ್ ಬಣ್ಣ ತುಂಬಿದ್ದುದೂ ಸಿಕ್ಕಿತು.