ಓದುಗರ ಸ್ಪಂದನ: ಭಾನುವಾರ ಸಂಜೆಯಾದರೆ ಹೊಟ್ಟೆ ಹಿಂಡುತ್ತದೆ

ಸಮಸ್ಯೆ: ಯಾದಗಿರಿಯಲ್ಲಿ ಬೈಕ್ ಸಾಲ ವಸೂಲಿ ಕೆಲಸ. ರಾತ್ರಿ ಹನ್ನೊಂದಕ್ಕೂ ಮ್ಯಾನೇಜರ್ ಮೆಸೇಜ್. ಭಾನುವಾರ ಸಂಜೆಯಿಂದಲೇ ಹೊಟ್ಟೆ ಹಿಂಡುತ್ತದೆ, ನಿದ್ದೆ ಇಲ್ಲ. ಮನೆಯಲ್ಲಿ ‘ನೌಕರಿ ಸಿಕ್ಕಿದ್ದೇ ಪುಣ್ಯ’ ಅಂತಾರೆ. ನಾನೇ ದುರ್ಬಲನಾ?

ತಮ್ಮಾ, ದುರ್ಬಲ ಅನ್ನೋ ಮಾತು ಬಿಡು. ಅಮೆರಿಕದ ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲೇ ಬರೆದಿದ್ದರು, ಕೆಲಸದ ಹೊರೆಯೂ ಜಾಸ್ತಿ, ನಮ್ಮ ಮಾತೂ ನಡೆಯೋದಿಲ್ಲ ಅನ್ನೋ ಕಡೆಯೇ ಮನುಷ್ಯ ಹೆಚ್ಚು ಕುಗ್ಗುತ್ತಾನೆ ಅಂತ. ನಿನ್ನದೂ ಅದೇ ಅಲ್ವಾ? ಟಾರ್ಗೆಟ್ ಮೇಲಿನವರದು, ರೂಟ್ ಮ್ಯಾನೇಜರನದು, ಬಾಗಿಲಲ್ಲಿ ಬೈಸಿಕೊಳ್ಳೋದು ಮಾತ್ರ ನಿನ್ನದು. ಇನ್ನೊಂದು. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಬಾಕಿ ಕೇಳಿ ಸಾಲಗಾರನಿಗೆ ಫೋನ್ ಮಾಡಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲಿ ಹೇಳಿದೆ. ಹಾಗಿದ್ದರೆ ಹನ್ನೊಂದರ ಮೆಸೇಜ್ ನೋಡಿ ನೀನು ಮಾಡುವುದಾದರೂ ಏನು? ಇದನ್ನೇ ಹಿಡಿದು ಕೇಳು: ‘ದಿನದ ಲೆಕ್ಕ ಏಳಕ್ಕೆ ಕೊಡ್ತೀನಿ ಸರ್, ಉಳಿದಿದ್ದು ಬೆಳಿಗ್ಗೆ.’ ಬೇಸಿಗೆಯಲ್ಲಿ ಮಧ್ಯಾಹ್ನದ ರೂಟ್ ಬೆಳಿಗ್ಗೆಗೆ ಹಾಕಿಸಿಕೋ. ನಮ್ಮ ಭಾಗದ ಸರ್ಕಾರಿ ಕಚೇರಿಗಳಿಗೆ ಏಪ್ರಿಲ್-ಮೇ ತಿಂಗಳಲ್ಲಿ 8ರಿಂದ 1.30ರ ಸಮಯ ಮಾಡುತ್ತಾರೆ, ಬಿಸಿಲು ಮಾತ್ರ ಎಲ್ಲರಿಗೂ ಒಂದೇ!
– ನಿವೃತ್ತ ಬ್ಯಾಂಕ್ ನೌಕರ, ಶಹಾಪುರ

ಒಬ್ಬರೇ ಹೋಗಿ ಕೇಳಬೇಡಿ, ಮೊದಲು ನಿಮ್ಮ ಹೆಸರೇ ಕೆಡುತ್ತದೆ. ನಮ್ಮ ಯಜಮಾನರದು ಫ್ಯಾಕ್ಟರಿ ಶಿಫ್ಟ್, ನಾಳೆ ರಾತ್ರಿ ಪಾಳಿ ಅಂತ ಇವತ್ತು ಗೊತ್ತಾಗುತ್ತಿತ್ತು. ನಾಲ್ಕೈದು ಜನ ಕೂಡಿ ಕೇಳಿದ ಮೇಲೆ ವಾರ ಮೊದಲೇ ಪಟ್ಟಿ ಹಾಕುತ್ತಾರೆ. ಕೆಲಸ ಅಷ್ಟೇ ಇದೆ, ಮನೆಯಲ್ಲಿ ಸಿಡಿಮಿಡಿ ಕಡಿಮೆಯಾಗಿದೆ. ರಾಜೀನಾಮೆ ಕೊಡು ಅನ್ನುವವರ ಮಾತು ಸದ್ಯಕ್ಕೆ ಬೇಡ, ಕಂತು ಅವರು ಕಟ್ಟುವುದಿಲ್ಲ.
– ಗೃಹಿಣಿ, ಬೀದರ್

ನಾನು ನರ್ಸ್. ಬರ್ನ್‌ಔಟ್ ಅಂತ ಎಲ್ಲರೂ ಹೇಳುತ್ತಾರಲ್ಲ, ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದನ್ನು ಕಾಯಿಲೆ ಅನ್ನಲಿಲ್ಲ, ಕೆಲಸದ ಒತ್ತಡ ಹಾಗೇ ಬಿಟ್ಟಾಗ ಆಗುವ ತೊಂದರೆ ಅಂತ ಹೇಳಿತು. ಶಕ್ತಿಯೇ ಇಲ್ಲದಂತಾಗುವುದು, ಕೆಲಸ ಅಂದರೆ ಬೇಸರ, ಎಷ್ಟು ಮಾಡಿದರೂ ಏನೂ ಮಾಡಿಲ್ಲ ಅನ್ನಿಸುವುದು, ಇವು ಅದರ ಗುರುತು. ಆದರೆ ಇದನ್ನು ಓದಿ ನೀವೇ ತೀರ್ಮಾನಿಸಬೇಡಿ. ವಾರಗಟ್ಟಲೆ ನಿದ್ದೆ ಇಲ್ಲದಿದ್ದರೆ ಡಾಕ್ಟರಿಗೆ ತೋರಿಸಿ. ಯಾರ ಹತ್ತಿರ ಹೇಳೋದು ಅನ್ನಿಸಿದರೆ 14416ಕ್ಕೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ. ದುಡ್ಡಿಲ್ಲ, ರಾತ್ರಿಯೂ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಮತ್ತೆ, ಊಟ ಬಿಟ್ಟು ಚಹಾ ಮೇಲೆ ಚಹಾ ಕುಡಿಯುತ್ತಿದ್ದರೆ ನಿಲ್ಲಿಸಿ, ಹೊಟ್ಟೆ ಹಿಂಡುವುದರಲ್ಲಿ ಅದರ ಪಾಲೂ ಇರಬಹುದು.
– ನರ್ಸ್, ಕಲಬುರಗಿ